ಕೊನೆಯ ಹಾಳೆ ಇಲ್ಲದ ಪುಸ್ತಕ

ರಾಯದುರ್ಗದಲ್ಲಿ ಪುಕ್ಕಟೆಯಾಗಿ ಕನ್ನಡ ಕಾದಂಬರಿ ಓದಬೇಕೆಂದರೆ ಮಿರ್ಚಿ ಬಜ್ಜಿ ತಿನ್ನಬೇಕು. ಮದುವೆಯಾಗಿ ಈ ಊರಿಗೆ ಬಂದ ಹೊಸದರಲ್ಲಿ ನಾನು ಕಂಡುಕೊಂಡ ಸತ್ಯ ಇದು. ನಮ್ಮ ಓಣಿಯ ತಿರುವಿನಲ್ಲಿ ಬಜ್ಜಿ ಬಂಡಿ ಇಟ್ಟಿರುವ ಹಿರಿಯರೊಬ್ಬರು ಗುಜರಿಯಿಂದ ಹಳೆಯ ಪುಸ್ತಕಗಳನ್ನು ಕಟ್ಟುಗಟ್ಟಲೆ ತರುತ್ತಾರೆ. ಹಾಳೆ ಹರಿದು ಅದರಲ್ಲೇ ಬಜ್ಜಿ ಕಟ್ಟಿ ಕೊಡುತ್ತಾರೆ. ಅದೂ ಅವರಿಗೆ ಕನ್ನಡ ಪುಸ್ತಕವೇ ಆಗಬೇಕು. ಯಾಕೆ ಅಂತ ಒಮ್ಮೆ ಕೇಳಿದೆ.

"ತೆಲುಗು ಕಾಗದ ಕೊಟ್ರ ಮಂದಿ ಬಜ್ಜಿ ತಿಂದಾದ ಮ್ಯಾಲೂ ಅದನ್ನ ಓದ್ಕೋತ ಬೆಂಚ್ ಹಿಡದು ಕುಂದರ್ತಾರವ್ವಾ" ಎಂದರು. "ಕನ್ನಡದ್ದು ಕೊಟ್ರ ಕೈಯೆಣ್ಣಿ ಒರಿಸಿ ಒಗದು ಹೋಗ್ತಾರ. ಬೆಂಚ್ ಖಾಲಿ ಆಗ್ತೈತಿ."

ಈ ಮಾತನ್ನು ಅವರು ಹೇಳಿದ್ದು ಅಚ್ಚ ಕನ್ನಡದಲ್ಲಿ. ಆಂಧ್ರದ ಗಡಿಯ ನಮ್ಮ ಸೀಮೆಯೇ ಹಾಗೆ. ಮನೆಯಲ್ಲಿ ಜಗಳ, ಮುದ್ದು, ಬೈಗುಳ ಎಲ್ಲ ಕನ್ನಡದಲ್ಲಿ. ಶಾಲೆ, ಕಚೇರಿ, ಬಸ್ಸಿನ ಬೋರ್ಡು ತೆಲುಗಿನಲ್ಲಿ. ಹೀಗಾಗಿ ಮಾತಿನಲ್ಲಿ ಯಾರನ್ನೂ ಗೆಲ್ಲಗೊಡದ ನಮ್ಮ ಓಣಿಯವರು ಕನ್ನಡದ ಹಾಳೆ ಕೈಗೆ ಬಂದರೆ ಬಜ್ಜಿಯನ್ನಷ್ಟೇ ನೋಡುತ್ತಾರೆ. ನನಗೆ ಮೊದಲು ಸಿಟ್ಟು ಬಂತು. ಆಮೇಲೆ ಇದರಿಂದ ಆಗುವ ಲಾಭ ಹೊಳೆದು ಸಿಟ್ಟನ್ನು ನುಂಗಿಕೊಂಡೆ.

ನನ್ನ ತವರು ಮಡಕಶಿರಾ ಕಡೆ, ಹೇಮಾವತಿ ಎಂಬ ಊರಿನಿಂದ ಒಳಗೆ ಹೋದರೆ ಸಿಗುವ ಹಳ್ಳಿ. ಅಲ್ಲಿ ನಾನು ಕಲಿತದ್ದು ಕನ್ನಡ ಶಾಲೆಯಲ್ಲಿ. ಆದರೆ ಓದಿನ ಚಟ ಹತ್ತಿದ್ದು ಶಾಲೆಯಲ್ಲಲ್ಲ, ರೇಷ್ಮೆ ಹುಳುವಿನ ಮನೆಯಲ್ಲಿ. ಅಪ್ಪ ಶಿರಾದಿಂದ ಹಳೆಯ ಪೇಪರ್ ತಂದು ಹುಳುವಿನ ತಟ್ಟೆಗಳಿಗೆ ಹಾಸುತ್ತಿದ್ದರು. ಅದರ ಮೇಲೆ ಹುಳು, ಹುಳುವಿನ ಮೇಲೆ ಹಿಪ್ಪುನೇರಳೆ ಸೊಪ್ಪು. ಹುಳುಗಳು ಸೊಪ್ಪು ತಿಂದಂತೆಲ್ಲ ಅಡಿಯಲ್ಲಿದ್ದ ಸುದ್ದಿ ಸ್ವಲ್ಪಸ್ವಲ್ಪವೇ ಕಾಣಿಸುತ್ತಿತ್ತು. ಕೊಲೆಯಾದದ್ದು ಬೆಳಿಗ್ಗೆ ಗೊತ್ತಾದರೆ, ಮಾಡಿದವರು ಯಾರೆಂದು ತಿಳಿಯಲು ಮಧ್ಯಾಹ್ನದವರೆಗೆ ಹುಳುಗಳ ಹಸಿವನ್ನು ನಂಬಿಕೊಂಡು ಕಾಯಬೇಕಿತ್ತು. ಕಾಯಲಾರದೆ ನಾನು ಹುಳುಗಳನ್ನು ಬೆರಳಿನಿಂದ ಪಕ್ಕಕ್ಕೆ ಸರಿಸಿ ಅಪ್ಪನ ಕೈಯಲ್ಲಿ ಏಟು ತಿಂದದ್ದೂ ಉಂಟು. ಹೀಗೆ ಅರ್ಧ ಓದಿ, ಉಳಿದರ್ಧವನ್ನು ನಾನೇ ಕಟ್ಟಿಕೊಳ್ಳುವುದು ಆಗಿನಿಂದಲೇ ಬಂದ ಬುದ್ಧಿ.

ಬಜ್ಜಿಯವರ ಜೊತೆ ನಾನೊಂದು ಒಪ್ಪಂದಕ್ಕೆ ಬಂದೆ. ನನ್ನ ಗಂಡ ಜೀನ್ಸ್ ಪ್ಯಾಂಟ್ ಹೊಲಿಯುವ ಕಡೆ ಬಟ್ಟೆ ಕತ್ತರಿಸುವ ಕೆಲಸದಲ್ಲಿದ್ದಾರೆ. ಅಳತೆಯ ಗುರುತು ಹಾಕಿ ಬಿಸಾಡುವ ದೊಡ್ಡ ದೊಡ್ಡ ಬಿಳಿ ಕಾಗದ ಅಲ್ಲಿ ರಾಶಿ ಬಿದ್ದಿರುತ್ತದೆ. ಅದರಲ್ಲಿ ಓದಲು ಏನೂ ಇರುವುದಿಲ್ಲ, ಗೆರೆ ಮಾತ್ರ. ಬೆಂಚ್ ಖಾಲಿ ಮಾಡಿಸಲು ಅದಕ್ಕಿಂತ ಒಳ್ಳೆಯ ಕಾಗದ ಉಂಟೇ? ನಾನು ಅದನ್ನು ತಂದು ಕೊಡುವುದು, ಅವರು ಬದಲಿಗೆ ಕಾದಂಬರಿ ಕೊಡುವುದು. ನನ್ನ ಹವ್ಯಾಸಕ್ಕೆ ಖರ್ಚೇ ಇಲ್ಲವಾಯಿತು. ತಿಂಗಳು ತಿಂಗಳು ಫೋನಿಗೆ ರೀಚಾರ್ಜ್ ಮಾಡಿಸಿ, ಯಾರೋ ಕುಣಿಯುವುದನ್ನು ನೋಡುತ್ತ ಕೂರುವ ನನ್ನ ಗಂಡನಿಗೆ ಇದನ್ನು ಹೇಳಿ ಹೇಳಿ ಸುಸ್ತಾಗಿಸಿದ್ದೇನೆ.

ಒಂದೇ ತೊಂದರೆ ಎಂದರೆ, ಬಜ್ಜಿಯವರು ಹಾಳೆ ಹರಿಯುವುದು ಪುಸ್ತಕದ ಹಿಂದಿನಿಂದ. ನನ್ನ ಕೈಗೆ ಬರುವ ಹೊತ್ತಿಗೆ ಹೆಚ್ಚಿನ ಕಾದಂಬರಿಗಳ ಕೊನೆ ಊರವರ ಕೈಯ ಎಣ್ಣೆ ಒರೆಸಿ ಹೋಗಿರುತ್ತಿತ್ತು. ರಟ್ಟು ಮಾತ್ರ ಗಟ್ಟಿಯಾಗಿ ಉಳಿದಿರುತ್ತಿತ್ತು.

ಇನ್ನು ನನ್ನ ಅತ್ತೆಯ ವಿಷಯ. ಅತ್ತೆ ಎದುರು ಮನೆಯ ಅಜ್ಜಿಯನ್ನೂ ಪಕ್ಕದ ಮನೆಯ ಸೊಸೆಯನ್ನೂ ಕೂಡಿಸಿಕೊಂಡು, ಮಧ್ಯಾಹ್ನ ಊಟವಾದ ಮೇಲೆ ಕಟ್ಟೆಯ ಮೇಲೆ ಕೂತು ಪ್ಯಾಂಟುಗಳ ದಾರ ಕತ್ತರಿಸುತ್ತಿದ್ದರು. ಹೊಲಿಗೆಯಾದ ಪ್ಯಾಂಟುಗಳು ಮೂಟೆಯಲ್ಲಿ ಮನೆಗೇ ಬರುತ್ತವೆ. ಜೋತುಬಿದ್ದ ದಾರಗಳನ್ನು ಸಣ್ಣ ಕತ್ತರಿಯಿಂದ ತೆಗೆದು ಮಡಚಿ ಕೊಡಬೇಕು. ಒಗೆಯದ ಹೊಸ ಬಟ್ಟೆಯಾದ್ದರಿಂದ ಬಣ್ಣ ಬಿಟ್ಟು ಮೂವರ ಬೆರಳೂ ಸದಾ ನೀಲಿ. ಎಷ್ಟು ಸೋಪು ಹಾಕಿ ತಿಕ್ಕಿದರೂ ಹೋಗುವುದಿಲ್ಲ.

ಅವರು ಹಾಗೆ ದುಡಿಯುತ್ತಿರುವಾಗ ನಾನು ಒಳಗೆ ಗೋಡೆಗೆ ಒರಗಿ ಓದುತ್ತ ಕೂತರೆ ಯಾವ ಅತ್ತೆ ಸುಮ್ಮನಿದ್ದಾಳು? ಒಂದು ಮಧ್ಯಾಹ್ನ ಬಾಗಿಲಲ್ಲಿ ನಿಂತು ಕೇಳಿಯೇ ಬಿಟ್ಟರು.

"ಏನವ್ವಾ, ಆ ಪುಸ್ತಕ ನಿನಗ ಉಣ್ಣಾಕ ಇಕ್ತೈತೇನು? ನಾಳಿಯಿಂದ ನೀನೂ ಕತ್ತರಿ ಹಿಡಿ. ಅದನ್ನ ಬಜ್ಜಿಯವಗ ಹೊಳ್ಳಿಸಿ ಕೊಟ್ಟು ಬಾ."

ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ರೊಟ್ಟಿ ಬಡಿದು, ಬಟ್ಟೆ ಒಗೆದು, ನೀರು ತುಂಬಿ, ದಿನದಲ್ಲಿ ನನ್ನದೆಂದು ಉಳಿಯುತ್ತಿದ್ದದ್ದು ಆ ಒಂದು ಹೊತ್ತು. ಒಡವೆ ಕೇಳಿದ್ದರೆ ಬಿಚ್ಚಿ ಕೊಡುತ್ತಿದ್ದೆನೇನೋ. ಈ ಹೊತ್ತನ್ನು ಬಿಟ್ಟುಕೊಡಲು ನಾನು ತಯಾರಿರಲಿಲ್ಲ. ಎದುರು ಮಾತಾಡಿದರೆ ಕೆಲಸ ಕೆಡುತ್ತದೆ ಎಂಬುದೂ ಗೊತ್ತಿತ್ತು.

"ಅಂಗಲ್ಲ ಅತ್ತೆ" ಎಂದೆ, ಆದಷ್ಟು ಮೆತ್ತಗೆ. "ದಾರ ಕತ್ತರ್ಸೋವಾಗ ನಿಮಗೆ ಟೀವಿ ನೋಡಾಕಾಗಲ್ಲ, ಕಣ್ಣು ಪ್ಯಾಂಟಿನ ಮ್ಯಾಲೇ ಇರ್ಬೇಕು. ಕಿವಿ ಸುಮ್ಕೆ ಖಾಲಿ ಅವೆ. ನಾನು ಗಟ್ಟಿಯಾಗಿ ಓದ್ತೀನಿ, ನೀವು ಕೇಳಿಸ್ಕಳಿ. ಚೆನ್ನಾಗಿಲ್ಲ ಅಂದ್ರೆ ನಾನೇ ಕತ್ತರಿ ಹಿಡೀತೀನಿ."

"ಅಂಗಂತೆ, ಇಂಗಂತೆ" ಎಂದು ಅತ್ತೆ ನನ್ನ ಮಡಕಶಿರಾ ಮಾತನ್ನು ಅಣಕಿಸಿದರು. ಆದರೆ ಎದುರು ಮನೆಯ ಅಜ್ಜಿ, "ಓದ್ಲಿ ಬಿಡ್ರಿ, ಒಂದಿನ ನೋಡೂಣು" ಎಂದು ನನ್ನ ಜೀವ ಉಳಿಸಿದರು. ಹೀಗೆ ಷರತ್ತು ನಿಕ್ಕಿಯಾಯಿತು. ಕತೆ ಸಪ್ಪೆಯಾದ ದಿನ ನನ್ನ ಓದು ಮುಗಿಯಿತು, ಪುಸ್ತಕ ಬಜ್ಜಿಯ ಪಾಲು.

ಮರುದಿನ ಕಟ್ಟೆಯ ಮೇಲೆ ಕೂತು, ಇದ್ದುದರಲ್ಲಿ ದಪ್ಪನೆಯ ಕಾದಂಬರಿ ತೆಗೆದು ಶುರುಮಾಡಿದೆ. ಅದರ ಮೊದಲ ಹಾಳೆಯೂ ಇರಲಿಲ್ಲ, ಬರೆದವರು ಯಾರೋ ದೇವರೇ ಬಲ್ಲ. ಪಟ್ಟಣದ ಸಿರಿವಂತರ ಮನೆಗೆ ಬಡವರ ಹುಡುಗಿಯೊಬ್ಬಳು ಸೊಸೆಯಾಗಿ ಬರುವ ಕತೆ. ಕತ್ತರಿಗಳ ಸದ್ದು ನಿಧಾನವಾಯಿತು. ನಾನು ಹಿಗ್ಗಿಹೋದೆ. ಅಷ್ಟರಲ್ಲಿ ಪುಟ ತಿರುವಿದೆ ನೋಡಿ, ಕತೆಯೊಳಗಿನ ಅತ್ತೆ ಬಂದಳು. ಬಂದವಳೇ ಸಕ್ಕರೆ ಡಬ್ಬಿಗೆ ಬೀಗ ಹಾಕಿ, ಬೀಗದ ಕೈಯನ್ನು ತುರುಬಿನಲ್ಲಿ ಸಿಕ್ಕಿಸಿಕೊಂಡಳು.

ಸಾಲಿನ ಮಧ್ಯೆ ನನ್ನ ನಾಲಿಗೆ ನಿಂತಿತು. ಎದುರಿಗೆ ನನ್ನ ಅತ್ತೆ ಕತ್ತರಿ ಹಿಡಿದು ಕೂತಿದ್ದಾರೆ. ಇದನ್ನು ಓದಿದರೆ ಅವರಿಗೇ ಚುಚ್ಚಿ ಹೇಳಿದಂತಾಗುತ್ತದೆ, ಇವತ್ತೇ ಓದಿಗೆ ಮಂಗಳ. ಪುಟದ ಮೇಲಿನ ಕಣ್ಣನ್ನು ತೆಗೆಯದೆ ಓದಿದೆ: "ಅತ್ತೆ ಸಕ್ಕರೆ ಡಬ್ಬಿಯ ಮುಚ್ಚಳ ತೆಗೆದು, ಸೊಸೆಯ ಹಾಲಿಗೆ ಇನ್ನೊಂದು ಚಮಚ ಸಕ್ಕರೆ ಹಾಕಿದಳು."

"ಇಂಥಾ ಅತ್ತಿ ಎಲ್ಲಿ ಅದಾಳ್ರಿ?" ಎಂದಳು ಪಕ್ಕದ ಮನೆಯ ಸೊಸೆ. ಅವಳ ಅನುಭವ ಬೇರೆಯಿತ್ತು.

"ಪುಸ್ತಕದಾಗ ಇರ್ತಾರ" ಎಂದರು ನನ್ನ ಅತ್ತೆ, ತಲೆಯೆತ್ತದೆ. "ಮುಂದ ಓದವ್ವಾ."

ಮುಂದ ಓದವ್ವಾ! ಆ ಎರಡು ಮಾತಿಗಾಗಿ ನಾನು ಏನು ಬೇಕಾದರೂ ಮಾಡಲು ತಯಾರಾದೆ, ಮಾಡಿದೆ ಕೂಡ. ಬರೆದವರು ಆ ಅತ್ತೆಯ ಕೈಯಲ್ಲಿ ತಟ್ಟೆ ಎಸೆಸಿದರೆ ನಾನು ತುತ್ತು ಕೊಡಿಸಿದೆ. ಬರೆದವರು ಬೈಸಿದರೆ ನಾನು ಹಾಡಿಸಿದೆ. ದಿನ ಕಳೆದಂತೆ ನನ್ನ ಧೈರ್ಯ ಹೆಚ್ಚಾಯಿತು. ಬರೀ ಒಳ್ಳೆಯ ಅತ್ತೆಯನ್ನು ಮಾಡಿಕೊಂಡು ಕೂತರೆ ನನಗೇನು ಬಂತು? ಒಂದು ದಿನ ಗಂಟಲು ಒಣಗಿದಾಗ ಹೀಗೆ ಓದಿದೆ: "ಸೊಸೆ ದಣಿದಿರುವುದನ್ನು ಕಂಡು ಅತ್ತೆ ತಾನೇ ಎದ್ದು ಹೋಗಿ ಬಿಸಿಬಿಸಿ ಚಹಾ ಮಾಡಿ ತಂದಳು."

ಮರುದಿನ ಓದಿನ ನಡುವೆ ನನ್ನ ಅತ್ತೆ ಎದ್ದು ಒಳಗೆ ಹೋದರು. ಚಹಾ ತಂದರು! ನನಗೆ ಕುಣಿಯಬೇಕು ಅನ್ನಿಸಿತು. ಒಂದು ಗುಟುಕು ಕುಡಿದೆ. ಸಕ್ಕರೆಯೇ ಇಲ್ಲ.

"ಸಕ್ಕರೆ ಹಾಕಿಲ್ವಲ್ಲ ಅತ್ತೆ?"

"ಡಬ್ಬಿಗೆ ಬೀಗ ಹಾಕೇನಿ. ಬೀಗದ ಕೈ ಎಲ್ಲೈತೋ ಏನೋ" ಎಂದು ಅತ್ತೆ ತುರುಬು ಮುಟ್ಟಿ ನೋಡಿಕೊಂಡರು.

ನಮ್ಮ ಮನೆಯ ಸಕ್ಕರೆ ಡಬ್ಬಿಗೆ ಬೀಗ ಹಾಕುವುದಿರಲಿ, ಮುಚ್ಚಳವೇ ಸರಿಯಾಗಿ ಕೂರುವುದಿಲ್ಲ. ಏನೋ ತಮಾಷೆ ಎಂದುಕೊಂಡು ಸಪ್ಪೆ ಚಹಾ ಕುಡಿದು ಮುಗಿಸಿದೆ. ಪುಸ್ತಕದಲ್ಲಿ ನಾನಿನ್ನೂ ಓದದ ಪುಟಗಳ ಅಂಚಿನಲ್ಲಿ ಅಲ್ಲಲ್ಲಿ ನೀಲಿ ಗುರುತು ಕಂಡಾಗಲೂ ಗುಜರಿಯ ಕೊಳೆ ಇರಬೇಕೆಂದು ಬಿಟ್ಟೆ. ಜಾಣೆ ಎಂಬ ಸೊಕ್ಕು ತಲೆಗೇರಿದವರಿಗೆ ಕಣ್ಣೆದುರಿನದು ಕಾಣುವುದಿಲ್ಲ.

ಅಷ್ಟರಲ್ಲಿ ಚಳಿಗಾಲ ಬಂತು. ನಮ್ಮ ತವರಿನ ಕಡೆ ಅವರೆಕಾಯಿಯ ಕಾಲ. ಅವ್ವ ಫೋನ್ ಮಾಡಿ, ಹೊಲದ ಬದುವಿನ ಅವರೆ ಸೊನೆ ಬಿಟ್ಟು ಘಮಘಮ ಅಂತಾ ಐತೆ, ಬಾ ಎಂದಳು. ಹಿದುಕಿದ ಅವರೆಬೇಳೆಯ ಸಾರು, ಜೊತೆಗೆ ರಾಗಿ ಮುದ್ದೆ. ಜೋಳದ ರೊಟ್ಟಿಯ ಮನೆಯಲ್ಲಿ ಕೂತು ಅದನ್ನು ನೆನೆದರೆ ಕಣ್ಣಲ್ಲಿ ನೀರು ಬರುತ್ತಿತ್ತು. ಆದರೆ ಮೂಟೆ ಮೂಟೆ ಪ್ಯಾಂಟು ಬರುವ ಹೊತ್ತಿನಲ್ಲಿ ತವರಿಗೆ ಹೋಗುತ್ತೇನೆಂದು ಬಾಯಿ ಬಿಟ್ಟು ಕೇಳಲು ಮುಖವಿರಲಿಲ್ಲ. ಕೇಳುವುದೇಕೆ? ಪುಸ್ತಕ ಇದೆಯಲ್ಲ!

"ಆ ತಿಂಗಳು ಅವರೆಕಾಯಿ ಸುಗ್ಗಿ ಬಂತು" ಎಂದು ಓದಿದೆ. "ಅತ್ತೆ ಸೊಸೆಯನ್ನು ಕರೆದು, ಮಗಳೇ, ತವರಿಗೆ ಹೋಗಿ ನಾಲ್ಕು ದಿನ ಇದ್ದು ಬಾ ಎಂದು ತಾನೇ ಚೀಲ ತುಂಬಿಕೊಟ್ಟಳು."

"ಪಟ್ಟಣದ ಸಾವ್ಕಾರ್ರ ಮನಿ ಕತಿ ಅಂದಿದ್ದಿ. ಅದರಾಗ ಅವರಿಕಾಯಿ ಎಲ್ಲಿಂದ ಬಂತ?" ಎಂದು ಅಜ್ಜಿ ಕೇಳಿದರು.

"ಸಾವ್ಕಾರ್ರಿಗೂ ನಾಲಿಗೆ ಇರ್ತದಲ್ಲಜ್ಜಿ" ಎಂದೆ.

ನನ್ನ ಅತ್ತೆ ಮಾತ್ರ ಒಂದು ದಾರ ಕತ್ತರಿಸಿದರು, ಇನ್ನೊಂದು ಪ್ಯಾಂಟು ತೆಗೆದುಕೊಂಡರು. ಮರುದಿನ ಮತ್ತೆ ಅವರೆಕಾಯಿ ಓದಿದೆ. ಅದರ ಮರುದಿನವೂ ಓದಿದೆ. ಕತೆಯೊಳಗಿನ ಸೊಸೆ ತಿಂದು ತಿಂದು ದಪ್ಪಗಾದಳೇ ಹೊರತು ನನ್ನ ಚೀಲವನ್ನು ಯಾರೂ ತುಂಬಲಿಲ್ಲ. ಈ ನಡುವೆ ಇನ್ನೊಂದು ಭಯ ಶುರುವಾಯಿತು. ಪುಸ್ತಕ ಮುಗಿಯುತ್ತ ಬಂದಿತ್ತು, ಕೊನೆಯ ಹಾಳೆಗಳು ಇರಲಿಲ್ಲ. ಇಷ್ಟು ದಿನ ಇದ್ದ ಕತೆಯನ್ನು ತಿರುಚಿದ್ದೆ. ಇಲ್ಲದ ಕೊನೆಯನ್ನು ಪೂರ್ತಿ ಹುಟ್ಟಿಸುವುದು ಬೇರೆ ಮಾತು. ಕೊನೆ ಕೆಟ್ಟರೆ ಅಜ್ಜಿ ಮುಖ ಸಿಂಡರಿಸುತ್ತಾರೆ, ಅತ್ತೆ ಕತ್ತರಿ ಕೊಡುತ್ತಾರೆ, ನನ್ನ ಮಧ್ಯಾಹ್ನ ಮುಗಿಯಿತು. ಯೋಚನೆ ಹತ್ತಿ ಊಟವೂ ಸೇರದಾಯಿತು.

ಆಗ ದೇವರು ಒಂದು ಉಪಾಯ ಮಾಡಿದ. ನನ್ನ ಗಂಟಲು ಕಟ್ಟಿತು. ಚಳಿಗಾಳಿಗೆ ಕೂತು ಎರಡು ವಾರ ಒದರಿದ್ದಕ್ಕೋ, ಪುಸ್ತಕ ತರಲು ಹೋದಾಗಲೆಲ್ಲ ತಿಂದ ಮಿರ್ಚಿಗೋ, ಬೆಳಿಗ್ಗೆ ಎದ್ದರೆ ಪಿಟ್ಟೆನ್ನಲೂ ಆಗಲಿಲ್ಲ. ಒಳಗೊಳಗೆ ಖುಷಿಯೇ ಆಯಿತು. ಕೊನೆ ಹುಟ್ಟಿಸಲು ನಾಲ್ಕು ದಿನ ಸಿಕ್ಕಿತಲ್ಲ ಎಂದುಕೊಂಡೆ.

ಮಧ್ಯಾಹ್ನ ಕಟ್ಟೆಯ ಮೇಲೆ ಮೂವರೂ ಕೂತರು. ನಾನು ಗಂಟಲು ತೋರಿಸಿ ಕೈಯಾಡಿಸಿದೆ. ಪಕ್ಕದ ಮನೆಯವಳು, "ಅಯ್ಯ, ಹಂಗಾದ್ರ ಇವತ್ತು ಕತಿ ಇಲ್ಲೇನು?" ಎಂದು ಮುಖ ಬಾಡಿಸಿದಳು. ನನ್ನ ಅತ್ತೆ ಕತ್ತರಿ ಕೆಳಗಿಟ್ಟರು. ಒಳಗೆ ಹೋಗಿ ಕನ್ನಡಕ ತಂದರು. ಸೆರಗಿನಿಂದ ಅದನ್ನು ಒರೆಸಿ ಹಾಕಿಕೊಂಡು, ನನ್ನ ತೊಡೆಯ ಮೇಲಿದ್ದ ಪುಸ್ತಕವನ್ನು ಎತ್ತಿಕೊಂಡು, ನಾನು ಗುರುತಿಟ್ಟ ಪುಟವನ್ನೇ ತೆರೆದು ಓದತೊಡಗಿದರು.

ನನ್ನ ಬಾಯಿ ತೆರೆದದ್ದು ತೆರೆದಂತೆಯೇ ಇತ್ತು. ಅತ್ತೆ ತೆಲುಗು ಶಾಲೆಯಲ್ಲಿ ಓದಿದವರು. ಕನ್ನಡ ಓದಲು ಬರುವುದಿಲ್ಲ ಎಂದು ಮನೆಯವರೆಲ್ಲ ತಿಳಿದಿದ್ದೆವು. ನಾನು ಮೂರ್ಖಳು. ತೆಲುಗು ಅಕ್ಷರ ಬಲ್ಲವರಿಗೆ ಕನ್ನಡ ಅಕ್ಷರಗಳು ನೆಂಟರ ಮನೆಯ ಮಕ್ಕಳಿದ್ದ ಹಾಗೆ, ಮುಖ ನೋಡಿದರೆ ಯಾರ ಕೂಸು ಎಂದು ಗೊತ್ತಾಗುತ್ತದೆ. ಸ್ವಲ್ಪ ತಾಳ್ಮೆ ಇದ್ದರೆ ಸಾಕು. ಎರಡೂ ಅಕ್ಷರಗಳ ನಡುವೆ ಹುಟ್ಟಿ ಬೆಳೆದ ನನಗೆ ಇದು ಹೊಳೆಯಲಿಲ್ಲವಲ್ಲ! ಅತ್ತೆಯ ನೀಲಿ ಹೆಬ್ಬೆರಳು ಪುಟದ ಅಂಚಿನ ನೀಲಿ ಗುರುತಿನ ಮೇಲೆ ಹೋಗಿ ಸರಿಯಾಗಿ ಕೂತಿತು. ಬೀಗದ ಕೈಯ ಚಹಾ ನೆನಪಾಯಿತು.

ಅತ್ತೆ ತಡೆತಡೆದು ಓದುತ್ತಿದ್ದರು. ಆದರೆ ಓದುತ್ತಿದ್ದುದು ಪುಟದಲ್ಲಿದ್ದದ್ದನ್ನಲ್ಲ.

"ಆ ಸೊಸಿ ಗ್ಯಾಸಿನ ಮ್ಯಾಲ ಹಾಲಿಟ್ಟು ಪುಸ್ತಕ ಹಿಡಕೊಂಡು ಕುಂತ್ಲು. ಹಾಲು ಉಕ್ಕಿ ಒಲಿ ತುಂಬ ಹರದ್ರೂ ಅಕೀಗೆ ಖಬರಿಲ್ಲ. ಅತ್ತಿ ಬಂದು ಕೇಳಿದ್ರ, ಬೆಕ್ಕು ಬಂದಿತ್ತು ಅಂತ ಹೇಳಿದ್ಲು."

ಅದು ಹಿಂದಿನ ವಾರ ನಮ್ಮ ಮನೆಯಲ್ಲೇ ನಡೆದ ಸಂಗತಿ. ಬೆಕ್ಕಿನ ಮಾತನ್ನು ಅತ್ತೆ ನಂಬಿದ್ದಾರೆಂದೇ ನಾನು ತಿಳಿದಿದ್ದೆ. ಹಾಗೆಲ್ಲ ಬರೆದಿಲ್ಲ ಎಂದು ಕೂಗಬೇಕೆನ್ನಿಸಿತು. ಗಂಟಲಿನಿಂದ ಬರೀ ಗಾಳಿ ಬಂತು. ಪುಸ್ತಕ ಕಿತ್ತುಕೊಳ್ಳಲು ಕೈ ಚಾಚಿದೆ. ಅತ್ತೆ ಅದನ್ನು ಆಚೆ ಸರಿಸಿ ಮುಂದುವರಿಸಿದರು.

"ಆ ಸೊಸಿ ಸಾರಿಗೆ ಎರಡು ಸಲ ಉಪ್ಪು ಹಾಕ್ತಿದ್ಲು. ಒಂದು ತಾನು ಮರತು, ಇನ್ನೊಂದು ಕತಿಯೊಳಗಿನವರು ನೆನಪು ಮಾಡಿ."

ಅಜ್ಜಿ ನಕ್ಕು ನಕ್ಕು ಪ್ಯಾಂಟಿನ ಬಟ್ಟೆಗೇ ಕತ್ತರಿ ಹಾಕುವುದರಲ್ಲಿದ್ದರು. "ಈ ಸೊಸಿ ಇವತ್ತ ಹ್ಯಾಂಗ ಹಿಂಗ ಬದಲಾದ್ಲು?" ಎಂದು ಪಕ್ಕದವಳು ಬೆರಗಾದಳು. ನಾನು ಸೀರೆಯ ಸೆರಗನ್ನು ಬಾಯಿಗೆ ಒತ್ತಿಕೊಂಡೆ. ನಾಚಿಕೆಯೋ, ಸಿಟ್ಟೋ, ನಗುವೋ, ಯಾವುದೆಂದು ಹೇಳಲಾರೆ. ನಗುವೇ ಹೆಚ್ಚಿತ್ತು. ಆದರೆ ನನ್ನ ಸುಳ್ಳೆಲ್ಲ ಬಯಲಾಗಿತ್ತು. ಇನ್ನು ಈ ಮಧ್ಯಾಹ್ನಗಳನ್ನು ಅತ್ತೆ ನನಗೆ ಬಿಡುತ್ತಾರೆಯೇ?

ಓದುತ್ತ ಓದುತ್ತ ಅತ್ತೆ ಹಾಳೆ ಹರಿದ ಜಾಗಕ್ಕೆ ಬಂದರು. ಮುಂದೆ ಬರೀ ರಟ್ಟು. ಅಜ್ಜಿ, "ಮುಂದ?" ಎಂದರು. ಅತ್ತೆ ರಟ್ಟನ್ನೇ ಮುಖದ ಹತ್ತಿರ ಹಿಡಿದು, ಕನ್ನಡಕ ಸರಿಮಾಡಿಕೊಂಡು, ಅಲ್ಲಿ ಅಕ್ಷರಗಳಿದ್ದಂತೆ ಓದಿದರು.

"ಆವಾಗ ಅತ್ತಿ ಸೊಸಿನ್ನ ಕರದು ಅಂದ್ಲು. ಏನವ್ವಾ, ಮುಂದೇನಾತು ಅಂತ ತಡೀಲಾರದ ಮೊದಲ್ನೇ ದಿನಾ ಸಂಜಿಗೇ ನಿನ್ನ ಪುಸ್ತಕ ತಗದು ನೋಡಿದೆ. ನೀ ಸುಳ್ಳು ಓದೂದು ಅವತ್ತೇ ಗೊತ್ತಾತು. ಆದ್ರೂ ನಾ ಸುಮ್ಮನಿದ್ದೆ. ಯಾಕಂದ್ರ ಆ ಪುಸ್ತಕದಾಗಿನ ಅತ್ತಿಗಿಂತ ನೀ ಮಾಡಿದ ಅತ್ತಿ ಚಲೋ ಇದ್ಲು. ಯಾರಾದ್ರೂ ನನ್ನ ಹಂಗ ಓದ್ಲಿ ಅನ್ನಿಸ್ತು."

ಕಟ್ಟೆಯ ಮೇಲೆ ಕತ್ತರಿಗಳು ನಿಂತವು. ಅತ್ತೆ ನನ್ನ ಕಡೆ ನೋಡಲಿಲ್ಲ. ರಟ್ಟನ್ನು ಇನ್ನಷ್ಟು ಹತ್ತಿರ ಹಿಡಿದರು.

"ಮತ್ತ ಅತ್ತಿ ಅಂದ್ಲು, ಗಂಟಲು ಆರಾಮಾದ ಮ್ಯಾಲ ತವರಿಗೆ ಹೋಗು. ಆ ಸುಡುಗಾಡು ಅವರಿಕಾಯಿ ತಿಂದು ಬಾ. ದಿನಾ ಕೇಳಿ ಕೇಳಿ ನನಗೇ ಹೊಟ್ಟಿ ಉಬ್ಬೇತಿ. ಬರೂವಾಗ ಬರಿಗೈಲೆ ಬರಬ್ಯಾಡ, ಅಲ್ಲೀ ಗುಜರ್ಯಾಗ ಪುಸ್ತಕ ಇದ್ರ ತಗೊಂಡು ಬಾ. ಇಲ್ಲಿಗೆ ಕತಿ ಮುಗೀತು."

ರಟ್ಟು ಮುಚ್ಚಿ, ಕನ್ನಡಕ ತೆಗೆದು, ಕತ್ತರಿ ಎತ್ತಿಕೊಂಡರು. "ಕೊನಿ ಭಾಳ ಚಲೋ ಬರದಾರ" ಎಂದರು ಅಜ್ಜಿ.

ನಾನು ತವರಿಗೆ ಹೋದೆ. ಅವ್ವ ಹಿದುಕಿದ ಬೇಳೆ ಸಾರು ಮಾಡಿದಳು, ನಾನು ಕತೆಯೊಳಗಿನ ಸೊಸೆಯನ್ನೂ ಮೀರಿಸಿ ತಿಂದೆ. ಅಪ್ಪನನ್ನು ಕಾಡಿ ಮಡಕಶಿರಾದ ಗುಜರಿ ಅಂಗಡಿಗೆ ಕರೆದೊಯ್ದು, ಅಂಗಡಿಯವನು ರದ್ದಿ ತೂಗುವ ತಕ್ಕಡಿಯಲ್ಲೇ ಕಾದಂಬರಿಗಳನ್ನು ತೂಗಿಸಿಕೊಂಡೆ. ಹೆಚ್ಚಿನವು ಹಿಂದೆಯೋ ಮುಂದೆಯೋ ಹರಿದಿದ್ದವು. ಅದೃಷ್ಟಕ್ಕೆ ಒಂದು ಮಾತ್ರ ಪೂರ್ತಿ ಸಿಕ್ಕಿತು, ಮೊದಲಿನಿಂದ ಕೊನೆಯವರೆಗೆ ಒಂದು ಹಾಳೆಯೂ ಕಳೆಯದೆ. ಅತ್ತೆಗೆ ಇದೇ ಉಡುಗೊರೆ ಎಂದು ಅದನ್ನು ಅವರೆಕಾಯಿ ಚೀಲದ ಮೇಲೇ ಇಟ್ಟುಕೊಂಡು ಬಸ್ಸು ಹತ್ತಿದೆ.

ರಾಯದುರ್ಗಕ್ಕೆ ಬಂದಾಗ ಮೂವರೂ ಕಟ್ಟೆಯ ಮೇಲೇ ಇದ್ದರು. ಅತ್ತೆ ಅವರೆಕಾಯಿಯನ್ನು ಪಕ್ಕಕ್ಕೆ ಸರಿಸಿ ಪುಸ್ತಕ ತೆಗೆದರು. ಮೊದಲು ನೋಡಿದ್ದೇ ಹಿಂಬದಿ. ಕೊನೆಯ ಹಾಳೆ ಇರುವುದನ್ನು ಕಂಡು ಅವರ ಮುಖ ಸಪ್ಪಗಾಯಿತು.

"ಇದರಾಗ ಎಲ್ಲಾ ಐತಲ್ಲವ್ವಾ! ನಮಗೇನು ಉಳೀತು?"

ಎಂದವರೇ ದಾರದ ಕತ್ತರಿಯಿಂದ ಕೊನೆಯ ಹಾಳೆಯನ್ನು ನೀಟಾಗಿ ಕತ್ತರಿಸಿ, ಅದರತ್ತ ಕಣ್ಣೂ ಹಾಯಿಸದೆ ಮಡಚಿ ನನ್ನ ಕೈಗಿಟ್ಟರು. "ಹೋಗು, ಇದರಾಗ ಬಿಸಿ ಬಜ್ಜಿ ಕಟ್ಟಿಸ್ಕೊಂಡು ಬಾ. ಬಂದ ಮ್ಯಾಲ ಸುರು ಮಾಡೂಣು. ಇವತ್ತ ನೀ ಓದು, ನಾಳೆ ನಾ ಓದ್ತೀನಿ."

ತಿರುವಿನವರೆಗೂ ಆ ಹಾಳೆಯನ್ನು ಮುಷ್ಟಿಯಲ್ಲಿ ಹಿಡಿದು ನಡೆದೆ. ಬಿಡಿಸಿ ನೋಡಲು ಕೈ ಕಡಿಯುತ್ತಿತ್ತು. ಬಜ್ಜಿಯವರು ಅದರಲ್ಲೇ ನಾಲ್ಕು ಮಿರ್ಚಿ ಸುತ್ತಿದರು, ಎಣ್ಣೆ ಅಕ್ಷರಗಳ ಮೇಲೆ ಹರಡಿತು. ಜೀವನದಲ್ಲಿ ಮೊದಲ ಸಲ ಕೈಗೆ ಬಂದ ಹಾಳೆಯನ್ನು ಓದದೆ ಬಿಟ್ಟೆ.